ನಗೋದಾದ್ರ ಟೆಂಪಲ್ ಸಾಹೇಬನ್ನ ನೋಡಿ ನಗ್ರಿ

ಕಳೆದ ತಿಂಗಳು ಗೆಳೆಯನೊಬ್ಬ ಫೋನ್ ಮಾಡಿ, "ಮಗಾ, ಒಂದು ನಲವತ್ತು ಕಾರ್ಡ್ ಬರ್ಕೊಡು. ನಿಮ್ಮ ಬೆಳಗಾವಿ ಭಾಷೇಲೇ ಇರ್ಲಿ. ಫುಲ್ ಕಾಮಿಡಿ ಬೇಕು" ಅಂದ. ಏನು ಕಾರ್ಡು ಅಂತ ಕೇಳಿದೆ. ಬರಗಾಲದ್ದು ಅಂದ.

ಇವನು ವಾರವಿಡೀ ಆಫೀಸಿನಲ್ಲಿ ಪ್ರಾಡಕ್ಟ್ ಮ್ಯಾನೇಜರ್, ಶನಿವಾರ ಬಂದರೆ ಬೋರ್ಡ್ ಗೇಮ್ ತಯಾರಕ. ನಾವು ಐದಾರು ಜನ ಅವನ ಫ್ಲ್ಯಾಟಿನಲ್ಲಿ ಸೇರಿ ಅವನು ಮಾಡಿದ ಆಟ ಆಡಿ, ಬೈದು, ಪಿಜ್ಜಾ ತಿಂದು ಮನೆಗೆ ಹೋಗುವುದು ರೂಢಿ. ಈ ಸಲದ್ದು ಬರಗಾಲದ ಸಂತೆಯ ಆಟ. ಒಬ್ಬೊಬ್ಬ ಆಟಗಾರನದು ಒಂದೊಂದು ಮನೆತನ. ಸಂತೆಯಲ್ಲಿ ಗಲಾಟೆ ಏಳುತ್ತದೆ, ಜೋಳದ ಅಂಗಡಿಗೆ ಜನ ನುಗ್ಗುತ್ತಾರೆ, ಯಾರು ಹೆಚ್ಚು ಚೀಲ ಹೊತ್ತು ತರುತ್ತಾರೋ ಅವರು ಗೆದ್ದಂತೆ. ಪ್ರತಿ ಸುತ್ತಿಗೂ ಒಂದು ಈವೆಂಟ್ ಕಾರ್ಡು ಎತ್ತಬೇಕು. ಸ್ಯಾಂಪಲ್ ಅಂತ ನಾಲ್ಕು ಕಾರ್ಡು ಅವನೇ ಬರೆದು ಕಳಿಸಿದ್ದ:

"ಮಳೆ ಕೈಕೊಟ್ಟಿತು! ಎರಡು ಚೀಲ ಕಳೆದುಕೊಳ್ಳಿ."

"ಗೌಡರ ಎಮ್ಮೆ ಸಂತೆಗೆ ನುಗ್ಗಿತು! ಎಲ್ಲರೂ ಒಂದು ಮನೆ ಹಿಂದಕ್ಕೆ."

"ಗುಂಪಿಗೆ ಹುಚ್ಚು ಹಿಡಿಯಿತು! ಡೈಸ್ ಹಾಕಿ, ಆರು ಬಿದ್ದರೆ ಅಂಗಡಿ ಲೂಟಿ."

"ಸರ್ಕಾರ ಬಿಟ್ಟಿ ಅಕ್ಕಿ ಕೊಟ್ಟಿತು! ತಿಂದು ಮಲಗಿ. ಎರಡು ಸರದಿ ಆಡುವಂತಿಲ್ಲ."

ಎಮ್ಮೆ ಕಾರ್ಡಿಗೆ ನಕ್ಕೆ. ಉಳಿದ ಮೂರಕ್ಕೆ ಉತ್ತರ ಬರೆಯಲು ಹೋಗಿ ಈ ಲೇಖನವಾಯಿತು.

ಮೊದಲು ಒಂದು ಸಿಟ್ಟು ಹೊರಗೆ ಹಾಕಿಬಿಡುತ್ತೇನೆ. ನಾನು ಖಾನಾಪುರ ತಾಲ್ಲೂಕಿನ ಪಾರಿಶ್ವಾಡದವನು. ಬೆಂಗಳೂರಿಗೆ ಬಂದು ಒಂಬತ್ತು ವರ್ಷ ಆಯ್ತು. ಮೀಟಿಂಗಿನಲ್ಲಿ ನಾನು ಅಪ್ಪಿತಪ್ಪಿ "ಹಂಗಲ್ರೀ" ಅಂದರೆ ಸಾಕು, ಎದುರಿಗಿದ್ದವರ ಮುಖ ಅರಳುತ್ತದೆ. ನಾನು ಸರ್ವರ್ ಬಿದ್ದುಹೋದ ಸುದ್ದಿ ಹೇಳುತ್ತಿದ್ದರೂ ಅವರಿಗೆ ಅದು ಸಿನಿಮಾದ ಕಾಮಿಡಿ ಸೀನು. ನಮ್ಮ ಕಡೆಯ ಮಾತಿನಲ್ಲಿ ಹೇಳಿದ್ದೆಲ್ಲ ಜೋಕು ಅನ್ನುವುದು ಇಲ್ಲಿ ಬರೆಯದೇ ಇರುವ ನಿಯಮ. ಈಗ ನೋಡಿದರೆ ಬರಗಾಲಕ್ಕೂ ಅದೇ ಮಸಾಲೆ ಬೇಕಂತೆ. ಹಸಿದವನು ಮಂಡ್ಯದ ಮಾತಾಡಿದರೆ ಕಣ್ಣೀರು, ಅಥಣಿಯ ಮಾತಾಡಿದರೆ ನಗು. ಇರಲಿ, ಇದು ನನ್ನ ಹಳೇ ಗಾಯ, ಇಲ್ಲಿಗೆ ಬಿಡೋಣ.

ಗೆಳೆಯನಿಗೆ ಈ ಐಡಿಯಾ ಬಂದಿದ್ದು ಇಂಗ್ಲೆಂಡಿನ ಒಂದು ಕಥೆಯಿಂದ. 1766ರ ಅಕ್ಟೋಬರ್, ನಾಟಿಂಗ್‌ಹ್ಯಾಮ್ ಊರಿನ ಗೂಸ್ ಫೇರ್ ಜಾತ್ರೆ. ಆ ವರ್ಷ ಊಟದ ಸಾಮಾನಿನ ಬೆಲೆ ಮೊದಲೇ ಏರಿತ್ತು. ಪಕ್ಕದ ಲಿಂಕನ್‌ಷೈರಿನ ವ್ಯಾಪಾರಿಗಳು ಬಂದು ಗಾಡಿಗಟ್ಟಲೆ ಚೀಸ್ ಖರೀದಿಸಿ ಹೊರಟಾಗ ಊರಿನವರು ಅಡ್ಡ ನಿಂತರು. ಅಂಗಡಿಗಳಿಗೆ ನುಗ್ಗಿದರು. ಗಾಡಿಚಕ್ರದಂಥ ಚೀಸಿನ ಗಾಲಿಗಳನ್ನು ಬೀದಿಯ ಇಳಿಜಾರಿನಲ್ಲಿ ಉರುಳಿಸಿಬಿಟ್ಟರು. ಶಾಂತಿ ಮಾಡಿಸಲು ಬಂದ ಮೇಯರ್ ಸಾಹೇಬರಿಗೆ ಒಂದು ಚೀಸು ಡಿಕ್ಕಿ ಹೊಡೆದು ಅವರು ಮಕಾಡೆ ಬಿದ್ದರು. ಇದನ್ನು ಕೇಳಿ ನಗದವರು ಯಾರು? ನಾನೂ ನಕ್ಕೆ. ಆದರೆ ಆಮೇಲೆ ಕುದುರೆ ಸವಾರರ ಪಡೆ ಬಂತು, ಗುಂಡು ಹಾರಿಸಿತು, ಒಬ್ಬ ಸತ್ತ. ಸತ್ತವನು ದಂಗೆಕೋರ ಅಲ್ಲ, ಚೀಸಿನ ರಾಶಿ ಕಾಯುತ್ತಿದ್ದ ರೈತ. ಗೆಳೆಯನ ಆಟಕ್ಕೆ ಮೇಯರ್ ಬಂದ, ಈ ರೈತ ಬರಲಿಲ್ಲ.

ಇಷ್ಟು ಹೇಳಿದ ಕೂಡಲೇ ನಮ್ಮ ಗುಂಪಿನ ಇನ್ನೊಬ್ಬರು, "ಹೌದು, ಹಸಿವೆ ಜೋಕ್ ಮಾಡೋ ವಿಷಯಾನೇ ಅಲ್ಲ, ಈ ಗೇಮ್ ಡ್ರಾಪ್ ಮಾಡು" ಅಂದರು. ಅವರ ಜೊತೆ ನನ್ನನ್ನು ಸೇರಿಸಬೇಡಿ. ಹಸಿವೆಯ ಬಗ್ಗೆ ನಗಬಾರದು ಅನ್ನುವವರು ಹಸಿದವರ ಜೊತೆ ಹತ್ತು ನಿಮಿಷ ಕೂತಿಲ್ಲ. ನಮ್ಮ ಆಯಿ ಕೂತಿದ್ದಳು. (ಪಕ್ಕದ ಮನೆಯ ಮರಾಠಿ ಹುಡುಗರಿಗೆ ಆಯಿ ಅಂದರೆ ತಾಯಿ, ನಮ್ಮ ಮನೆಯಲ್ಲಿ ಆಯಿ ಅಂದರೆ ಅಜ್ಜಿ. ಸಣ್ಣವರಿದ್ದಾಗ ಇದರಿಂದ ಆದ ಗೊಂದಲ ಒಂದೆರಡಲ್ಲ.) ರೇಶನ್ನಿನಲ್ಲಿ ಅಮೆರಿಕದ ಕೆಂಪು ಜೋಳ ಬರುತ್ತಿದ್ದ ಕಾಲವನ್ನು ಆಕೆ ಹೇಳುತ್ತಿದ್ದುದು ಹೀಗೆ:

"ಆ ಜೋಳದ ರೊಟ್ಟಿ ಎಮ್ಮಿ ಮುಂದ ಇಟ್ಟರ, ಎಮ್ಮಿ ಅದನ್ನ ಮೂಸಿ ನೋಡಿ, ಆಮ್ಯಾಲ ನಮ್ಮ ಮಾರಿ ನೋಡತಿತ್ತು ತಮ್ಮಾ. 'ಇದನ್ನ ನೀವು ತಿಂತೀರೇನವಾ?' ಅಂದಂಗ."

ತಕ್ಕಡಿಯ ಬಗ್ಗೆ ಇನ್ನೊಂದು. "ಅಂವಾ ತೂಗೂವಾಗ ಒಂದು ಸೇರು. ಮನಿಗೆ ತಂದು ಗಡಗ್ಯಾಗ ಹಾಕಿದ್ರ ಮುಕ್ಕಾಲು ಸೇರು. ನಡುವ ದಾರಿಯಾಗ ಯಾರು ತಿಂತಿದ್ರೋ, ದೇವರಿಗೇ ಗೊತ್ತು. ನಾನಂತೂ ಅಲ್ಲ, ನನಗ ಹಲ್ಲಿಲ್ಲ."

ನಾನು ಈ ಮಾತುಗಳನ್ನು ನೂರು ಸಲ ಕೇಳಿದ್ದೇನೆ. ದೊಡ್ಡವನಾದ ಮೇಲೆ ಒಂದು ಗಮನಕ್ಕೆ ಬಂತು. ಆಯಿಯ ಜೋಕು ಜೋಳ ಕಳಿಸಿದ ದೊಡ್ಡವರ ಮೇಲೆ ಇರುತ್ತಿತ್ತು, ತಕ್ಕಡಿ ಹಿಡಿದವನ ಮೇಲೆ ಇರುತ್ತಿತ್ತು, ತನ್ನ ಮೇಲೂ ಇರುತ್ತಿತ್ತು. ಪಾಳಿಯಲ್ಲಿ ಹಿಂದೆ ನಿಂತ ಹೆಣ್ಣುಮಗಳ ಮೇಲೆ ಒಂದೇ ಒಂದು ಸಲವೂ ಇರಲಿಲ್ಲ. ಗೆಳೆಯನ ನಾಲ್ಕು ಕಾರ್ಡಿನಲ್ಲಿ ತಕ್ಕಡಿಯವನೇ ಇಲ್ಲ.

ಈಗ ಆ ಮೊದಲ ಕಾರ್ಡು. "ಮಳೆ ಕೈಕೊಟ್ಟಿತು, ಎರಡು ಚೀಲ ಕಳೆದುಕೊಳ್ಳಿ." ಬೋರ್ಡ್ ಗೇಮ್ ಆಡದವರಿಗೆ ಹೇಳುತ್ತೇನೆ: ಆಟದಲ್ಲಿ ಎರಡು ಥರದ ಸಂಗತಿಗಳಿರುತ್ತವೆ. ಒಂದು ರೂಲ್‌ಬುಕ್ಕಿನಲ್ಲಿ ಇರುವುದು, ಅದು ಎಲ್ಲರಿಗೂ ಎಲ್ಲ ಸುತ್ತಿನಲ್ಲೂ ಅನ್ವಯ. ಇನ್ನೊಂದು ಈವೆಂಟ್ ಕಾರ್ಡಿನಲ್ಲಿ ಇರುವುದು, ಅದು ಅದೃಷ್ಟ. ಪಗಡಿಯ ಕವಡೆ ಬಿದ್ದ ಹಾಗೆ, ಹಾವು-ಏಣಿಯಲ್ಲಿ ಹಾವು ನುಂಗಿದ ಹಾಗೆ. ಯಾವುದನ್ನು ರೂಲ್ ಮಾಡುತ್ತೀರಿ, ಯಾವುದನ್ನು ಕಾರ್ಡ್ ಮಾಡುತ್ತೀರಿ ಅನ್ನುವುದರಲ್ಲೇ ನೀವು ಜಗತ್ತನ್ನು ಹೇಗೆ ನೋಡುತ್ತೀರಿ ಅನ್ನುವುದು ಗೊತ್ತಾಗಿಬಿಡುತ್ತದೆ. ಎಲಿಜಬೆತ್ ಮ್ಯಾಗಿ ಅನ್ನುವ ಅಮೆರಿಕದ ಹೆಣ್ಣುಮಗಳು 1904ರಲ್ಲಿ 'ದ ಲ್ಯಾಂಡ್‌ಲಾರ್ಡ್ಸ್ ಗೇಮ್' ಅಂತ ಒಂದು ಆಟಕ್ಕೆ ಪೇಟೆಂಟ್ ಪಡೆದಳು. ಜಮೀನು ಕೆಲವರ ಕೈಯಲ್ಲಿ ಸೇರಿದರೆ ಬಾಡಿಗೆ ಕಟ್ಟುವವರು ಹೇಗೆ ದಿವಾಳಿ ಆಗುತ್ತಾರೆ ಅಂತ ತೋರಿಸುವುದೇ ಆಟದ ಉದ್ದೇಶ. ಅದರಿಂದಲೇ ಮುಂದೆ ಮೊನಾಪಲಿ ಹುಟ್ಟಿತು. ಉದ್ದೇಶ ಕಳಚಿ ಬಿತ್ತು, ಬಾಡಿಗೆ ವಸೂಲಿ ಉಳಿಯಿತು. ಈಗ ನಾವು ಗೆಳೆಯನನ್ನು ದಿವಾಳಿ ಎಬ್ಬಿಸಿ ಕೇಕೆ ಹಾಕುತ್ತೇವೆ.

ನಮ್ಮ ಕಡೆಯ ದೊಡ್ಡ ಬರ 1876ರಿಂದ 78ರವರೆಗಿನದು. ನಾನು ಓದಿದ ಪಾಠಗಳಲ್ಲಿ 1857 ಇತ್ತು, 1876 ಇರಲಿಲ್ಲ. ಬೆಳಗಾವಿ, ಧಾರವಾಡ, ಕಲಾದಗಿ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆಗಳು. ಇಂದಿನ ವಿಜಯಪುರ, ಬಾಗಲಕೋಟೆಗಳೇ ಹೆಚ್ಚೂಕಡಿಮೆ ಆಗಿನ ಕಲಾದಗಿ ಜಿಲ್ಲೆ. ನಮ್ಮ ಖಾನಾಪುರ ತಾಲ್ಲೂಕಿನ ಪಶ್ಚಿಮದ ಕಣಕುಂಬಿ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ, ಮಲಪ್ರಭೆ ಹುಟ್ಟುವುದೇ ಅಲ್ಲಿ. ಅದೇ ನೀರು ಪೂರ್ವಕ್ಕೆ ಸವದತ್ತಿ ಮುಟ್ಟುವಷ್ಟರಲ್ಲಿ ಆಕಾಶವೇ ಬೇರೆ. ಹಾಗಾಗಿ ಮಳೆ ಕೈಕೊಟ್ಟಿದ್ದು ಸುಳ್ಳಲ್ಲ, ಕೆಲವು ಕಡೆ ಪೂರ್ತಿಯಾಗಿಯೇ ಕೈಕೊಟ್ಟಿತ್ತು. 1872ರ ಜನಗಣತಿಯಲ್ಲಿ ಕಲಾದಗಿ ಜಿಲ್ಲೆಯ ಜನ 8,16,037. 1881ರಲ್ಲಿ 6,38,493. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತಿದ್ದರು ಅಥವಾ ಊರು ಬಿಟ್ಟು ಹೋಗಿದ್ದರು. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಇಷ್ಟನ್ನೂ ಮಳೆಯೊಂದೇ ಮಾಡಿತೇ?

ಇಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನುವ ಸಾಹೇಬರ ಕಥೆ ಹೇಳಬೇಕು. ಕಾಮಿಡಿ ಬೇಕು ಅಂದರಲ್ಲ, ಇದು ಶುದ್ಧ ಕಾಮಿಡಿ.

1873-74ರಲ್ಲಿ ಬಿಹಾರ, ಬಂಗಾಳದಲ್ಲಿ ಬರ ಬಿತ್ತು. ಆಗ ಬಂಗಾಳದ ಆಡಳಿತ ನೋಡಿಕೊಂಡವರು ಇದೇ ಟೆಂಪಲ್. ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿದರು, ಹಂಚಿದರು. ಜನ ಸಾಯಲಿಲ್ಲ. ಸತ್ತವರ ಲೆಕ್ಕ ಬೆರಳೆಣಿಕೆಗೆ ಇಳಿಯಿತು. ಇದಕ್ಕೆ ಸಿಕ್ಕ ಬಹುಮಾನ? ಬೈಗುಳ. ಇಷ್ಟು ದುಡ್ಡು ಯಾಕೆ ಸುರಿದೆ, ಜನರಿಗೆ ಕೂತು ತಿನ್ನೋ ಚಟ ಹಿಡಿಸಿದೆ ಅಂತ ಕಲ್ಕತ್ತಾದಿಂದ ಲಂಡನ್ನಿನವರೆಗೆ ಎಲ್ಲರೂ ಝಾಡಿಸಿದರು. ಅಪ್ರೈಸಲ್ಲಿನಲ್ಲಿ ಕೆಟ್ಟ ರೇಟಿಂಗ್ ಸಿಕ್ಕ ಮ್ಯಾನೇಜರ್ ಏನು ಮಾಡುತ್ತಾನೆ ಅಂತ ನಿಮಗೆ ಹೇಳಬೇಕಿಲ್ಲ. ಮೂರು ವರ್ಷದ ನಂತರ ದಕ್ಷಿಣದಲ್ಲಿ ಬರ ಬಿದ್ದಾಗ ವೈಸ್‌ರಾಯ್ ಲಿಟ್ಟನ್ ಇದೇ ಟೆಂಪಲ್‌ರನ್ನು ಖರ್ಚಿಗೆ ಕಡಿವಾಣ ಹಾಕಲು ಕಳಿಸಿದರು. ಸಾಹೇಬರು ಈ ಸಲ ತಪ್ಪು ಮಾಡಲಿಲ್ಲ. ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪೌಂಡ್ ಅಂದರೆ 450 ಗ್ರಾಂ. ಇದಕ್ಕೆ 'ಟೆಂಪಲ್ ಕೂಲಿ' ಅಂತಲೇ ಹೆಸರು ಬಿತ್ತು. ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಷ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ, ಒಂದೂವರೆ ಪೌಂಡಾದರೂ ಬೇಕು, ಜೊತೆಗೆ ಬೇಳೆ ಕಾಯಿಪಲ್ಯ ಬೇಕು ಅಂತ ಜಗಳಕ್ಕೆ ಬಿದ್ದರು. ಸಾಹೇಬರು ತಮ್ಮ ಪ್ರಯೋಗ ಮುಂದುವರಿಸಿದರು.

ಮುಂಬಯಿ ಪ್ರಾಂತ್ಯದಲ್ಲಿ ಇನ್ನೊಂದು ರೂಲು ಇತ್ತು, ಅದು ನನಗೆ ಬಹಳ ಇಷ್ಟ. ಕೂಲಿ ಬೇಕಾದರೆ ನಿಮ್ಮ ಊರಿನಿಂದ ಹತ್ತು ಮೈಲಿ ದೂರದ ಕಾಮಗಾರಿಗೇ ಹೋಗಬೇಕು. ನಿಜವಾಗಿ ಹಸಿದಿದ್ದರೆ ನಡೆದು ಬರುತ್ತಾರೆ ಅನ್ನುವ ತರ್ಕ. ಅಂದರೆ ನಡೆಯಲು ಶಕ್ತಿ ಇಲ್ಲದಷ್ಟು ಹಸಿದವರು ಸಾಕಷ್ಟು ಹಸಿದಿಲ್ಲ ಅಂತ ಅರ್ಥ! ಯಾವ ಕಾಮಿಡಿ ರೈಟರ್ ಇದನ್ನು ಬರೆಯಬಲ್ಲ?

ಇದೇ ಹೊತ್ತಿಗೆ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರಲು ದಿಲ್ಲಿಯಲ್ಲಿ ಲಿಟ್ಟನ್ ದರ್ಬಾರು ನಡೆಸಿದರು. ವಾರವಿಡೀ ಊಟ, ಸುಮಾರು 68,000 ಅತಿಥಿಗಳು. ಮಾರುಕಟ್ಟೆಗೆ ಕೈ ಹಾಕಬಾರದು ಅನ್ನುವ ಸಿದ್ಧಾಂತ ಎಷ್ಟು ಗಟ್ಟಿಯಿತ್ತೆಂದರೆ 1877-78ರಲ್ಲಿ ಹಿಂದುಸ್ತಾನದಿಂದ ಯುರೋಪಿಗೆ ಮೂರು ಲಕ್ಷ ಟನ್ನಿಗೂ ಹೆಚ್ಚು ಗೋಧಿ ಹಡಗೇರಿ ಹೋಯಿತು. ಅಲ್ಲಿಯವರೆಗೆ ಅಷ್ಟು ಹೋಗಿದ್ದೇ ಇಲ್ಲ.

ಈಗ ಹೇಳಿ, ಇದರಲ್ಲಿ ಯಾವುದು ಈವೆಂಟ್ ಕಾರ್ಡು? ಕೂಲಿ ಯಾರೋ ಡೈಸ್ ಹಾಕಿ ತೀರ್ಮಾನಿಸಿದ್ದಲ್ಲ. ಹತ್ತು ಮೈಲಿ, ಒಂದು ಪೌಂಡು, ಹಡಗಿನ ಗೋಧಿ, ಎಲ್ಲ ಕಾಗದದ ಮೇಲೆ ಸಹಿಯಾಗಿದ್ದು. ಎಲ್ಲ ರೂಲ್‌ಬುಕ್ಕಿನಲ್ಲೇ ಇತ್ತು. ಮಳೆ ಒಂದು ಕಾರ್ಡು, ಒಪ್ಪಿದೆ. ಆಮೇಲೆ ಸತ್ತವರನ್ನೂ ಅದೇ ಕಾರ್ಡಿನ ಲೆಕ್ಕಕ್ಕೆ ಹಾಕಬೇಡಿ.

ಮೂರನೇ ಕಾರ್ಡು, "ಗುಂಪಿಗೆ ಹುಚ್ಚು ಹಿಡಿಯಿತು." ಇದು ನನಗೆ ಹೆಚ್ಚು ಚುಚ್ಚಿತು. ಯಾಕೆಂದರೆ ನಾವು ಟೀವಿಯಲ್ಲಿ ಯಾವುದೇ ಗಲಾಟೆ ನೋಡಿದರೂ ಮೊದಲು ಬಾಯಿಗೆ ಬರುವ ಮಾತು ಇದೇ. ಇ.ಪಿ. ಥಾಂಪ್ಸನ್ ಅನ್ನುವ ಇತಿಹಾಸಕಾರ 1971ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಇಂಥ ಗಲಾಟೆಗಳನ್ನೇ ಕೆದಕಿ ನೋಡಿದ. ಅಲ್ಲಿ ಸಿಕ್ಕಿದ್ದು ಹುಚ್ಚಲ್ಲ, ಲೆಕ್ಕಾಚಾರ. ಎಷ್ಟೋ ಕಡೆ ಜನ ಧಾನ್ಯ ವಶಕ್ಕೆ ತೆಗೆದುಕೊಂಡು, ಇದು ನ್ಯಾಯದ ಬೆಲೆ ಅಂತ ತಾವೇ ನಿಗದಿ ಮಾಡಿ, ಆ ಬೆಲೆಗೆ ಮಾರಿ, ಬಂದ ದುಡ್ಡನ್ನು ಮಾಲಕನ ಕೈಗೇ ಕೊಟ್ಟು ಹೋಗಿದ್ದಾರೆ. ನಮ್ಮ ಹತ್ತಿರದ್ದೇ ಉದಾಹರಣೆ ಬೇಕೆಂದರೆ 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಊರಿನ ಸಂತೆಯಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿದ್ದು. ಅವರು ಹುಡುಕಿದ್ದು ಸಾಲದ ಪತ್ರಗಳನ್ನು. ಸಿಕ್ಕ ಪತ್ರ ಸುಟ್ಟರು. ಹುಚ್ಚು ಹಿಡಿದವರು ಕಾಗದ ಆರಿಸಿ ಸುಡುತ್ತಾರೆಯೇ?

ಇದಕ್ಕಿಂತ ದೊಡ್ಡದು 1877ರದ್ದು. ಟೆಂಪಲ್ ಕೂಲಿ ಜಾರಿಗೆ ಬಂದ ಕೂಡಲೇ ಮುಂಬಯಿ ಪ್ರಾಂತ್ಯದ ಬರದ ಜಿಲ್ಲೆಗಳಲ್ಲಿ ಸಾವಿರಾರು ಜನ ಕಾಮಗಾರಿ ಬಿಟ್ಟು ಎದ್ದು ಹೋದರು. ಮುಷ್ಕರ! ಮೂಳೆ ಚಕ್ಕಳವಾದ ಜನ, ಬೇರೆ ಅನ್ನದ ದಾರಿ ಇಲ್ಲದ ಜನ, ಈ ಕೂಲಿಗೆ ಕೆಲಸ ಮಾಡೋದಿಲ್ಲ ಅಂತ ಹಾರೆ ಕೆಳಗಿಟ್ಟರು. ಪುಣೆಯ ಸಾರ್ವಜನಿಕ ಸಭಾ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಗಾಂಧಿಗೆ ಆಗ ಏಳು ವರ್ಷ. ಅಂಗಡಿ ಒಡೆಯುವುದಕ್ಕಿಂತ ಇದು ಎಷ್ಟು ದೊಡ್ಡ ಧೈರ್ಯ ಅಂತ ಯೋಚನೆ ಮಾಡಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಗೆಳೆಯನ ಆಟದಲ್ಲಿ ಕೆಲಸ ನಿರಾಕರಿಸುವ ಅವಕಾಶವೇ ಇಲ್ಲ. ನುಗ್ಗು, ದೋಚು, ಓಡು. ಮೂರೇ.

ಉಳಿದಿದ್ದು ಬಿಟ್ಟಿ ಅಕ್ಕಿ. ಈ ಕಾರ್ಡಿಗೆ ಟೇಬಲ್ಲಿನಲ್ಲಿ ಎಲ್ಲರಿಗಿಂತ ಹೆಚ್ಚು ನಗು ಬಂತು, ಅದಕ್ಕೇ ಇದನ್ನು ಬಿಡುವ ಹಾಗಿಲ್ಲ. ಕೂತು ತಿಂದರೆ ಜನ ಸೋಮಾರಿಗಳಾಗುತ್ತಾರೆ ಅನ್ನುವ ಮಾತು 1874ರಲ್ಲಿ ಟೆಂಪಲ್‌ಗೆ ಬೈದವರ ಬಾಯಲ್ಲಿತ್ತು. ಒಂದೂವರೆ ಶತಮಾನದ ನಂತರ ಅದು ಕಾಫಿ ಮಶೀನಿನ ಪಕ್ಕ ನಿಂತ ನಮ್ಮ ಬಾಯಲ್ಲಿದೆ. ಅನ್ನಭಾಗ್ಯ 2013ರಲ್ಲಿ ಶುರುವಾದಾಗಿನಿಂದ ನಾನು ಈ ಜೋಕು ಕೇಳಿದ್ದೇನೆ. ಹೇಳುವವರು ಕಂಪನಿ ಕೊಟ್ಟ ಊಟದ ಕೂಪನ್ ಬಳಸುವವರು, ಕ್ಯಾಬಿನಲ್ಲಿ ಬರುವವರು, ಹತ್ತು ನಿಮಿಷದಲ್ಲಿ ಕೊತ್ತಂಬರಿ ಮನೆಗೆ ಬರದಿದ್ದರೆ ರೀಫಂಡ್ ಕೇಳುವವರು. ನಾನೂ ಅದೇ ಪೈಕಿ, ಹೊರಗಿನವನಲ್ಲ. ಒಂದು ಸಲ ನಾನೂ ಅಮ್ಮನ ಮುಂದೆ "ಫ್ರೀ ಅಕ್ಕಿ ಬಂದ ಮ್ಯಾಲ ಹೊಲಕ್ಕ ಆಳು ಸಿಗವಲ್ರು" ಅಂದಿದ್ದೆ. ಅವ್ವ ಅಂದಳು, "ಅಕ್ಕಿ ಇಲ್ಲದಾಗ ಸಿಗತಿದ್ರು. ಕೊಟ್ಟಷ್ಟಕ್ಕ ಬರತಿದ್ರು. ಈಗ ಇಷ್ಟು ಕೊಡ್ರಿ ಅಂತಾರ. ನಿಂಗೂ ಕಂಪನ್ಯಾಗ ಹಂಗ ಕೇಳಾಕ ಬರತೈತಲ್ಲ?" ಆವತ್ತಿನಿಂದ ಆ ಮಾತು ನಾನು ಎಲ್ಲೂ ಎತ್ತಿಲ್ಲ.

ಇಲ್ಲೂ ಕಾಮಿಡಿ ಬೇಕಾದರೆ ಕಾಗದದ ಮೇಲೇ ಸಿಗುತ್ತದೆ. 2023ರಲ್ಲಿ ರಾಜ್ಯ ಸರ್ಕಾರ ಇನ್ನೂ ಐದು ಕೆಜಿ ಹೆಚ್ಚು ಕೊಡುತ್ತೇವೆ ಅಂತ ಹೊರಟಿತು. ದುಡ್ಡು ಕೊಡುತ್ತೇವೆ, ಅಕ್ಕಿ ಮಾರಿ ಅಂತ ಕೇಳಿತು. ಕೇಂದ್ರದ ಆಹಾರ ನಿಗಮ ಜೂನ್ ತಿಂಗಳಲ್ಲಿ ರಾಜ್ಯಗಳಿಗೆ ಮುಕ್ತ ಮಾರಾಟದ ಯೋಜನೆಯಲ್ಲಿ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಕೊನೆಗೆ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಬಂತು. ಆ 170ಕ್ಕೆ ಪೇಟೆಯಲ್ಲಿ ಐದು ಕೆಜಿ ಯಾವ ಅಕ್ಕಿ ಬರುತ್ತದೆ ಅಂತ ಅಂಗಡಿಗೆ ಹೋದವರಿಗೆ ಗೊತ್ತು. ಗೋದಾಮಿನಲ್ಲಿ ಅಕ್ಕಿ, ಖಾತೆಯಲ್ಲಿ ದುಡ್ಡು, ಇಬ್ಬರು ದೊಡ್ಡವರ ನಡುವೆ ಜಗಳ. ಇದರ ಮೇಲೆ ಒಂದು ಕಾರ್ಡು ಯಾಕೆ ಇಲ್ಲ? ಅಕ್ಕಿ ತಿಂದವನು ಮಲಗಿದ್ದು ಮಾತ್ರ ಯಾಕೆ ಕಾಣುತ್ತದೆ?

ಇದೆಲ್ಲ ಹೇಳಿದ ಮೇಲೆ ಗೆಳೆಯ ಒಂದು ನ್ಯಾಯವಾದ ಪ್ರಶ್ನೆ ಕೇಳಿದ. "ಸರಿ ಮಗಾ, ರೂಲೇ ಮೋಸದ್ದು ಅಂದ್ರೆ ಯಾರು ಆಡ್ತಾರೆ? ಎಲ್ಲರೂ ಸೋಲ್ತಾರೆ. ಗೇಮ್ ಅಂದ್ಮೇಲೆ ಮಜಾ ಇರ್ಬೇಕಲ್ವಾ?" ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ನಾನು ಆಟ ಮಾಡುವವನಲ್ಲ. ಆದರೂ ಬರೆದುಕೊಟ್ಟೆ, ನಲವತ್ತಲ್ಲ, ಹನ್ನೊಂದು. ಜೊತೆಗೆ ರೂಲ್‌ಬುಕ್ಕಿಗೆ ಎರಡು ಸಾಲು: ಪ್ರತಿ ಸುತ್ತಿಗೆ ಕಾಮಗಾರಿಗೆ ಹೋದರೆ ಒಂದು ಪೌಂಡು, ಮನೆಯಲ್ಲಿ ಖರ್ಚು ಒಂದೂವರೆ ಪೌಂಡು. ಕಾಮಗಾರಿ ಯಾವಾಗಲೂ ಹತ್ತು ಮನೆ ದೂರ. ಕಾರ್ಡುಗಳಲ್ಲಿ ಕೆಲವು ಹೀಗಿದ್ದವು:

"ನೀವು ಹೋದ ವರ್ಷ ಬಹಳ ಜನರನ್ನ ಉಳಿಸೀರಿ. ಕಲ್ಕತ್ತಾದಿಂದ ಬೈಗುಳ ಬಂದೈತಿ. ಈ ವರ್ಷ ಉಳಿಸಬ್ಯಾಡ್ರಿ."

"ದಿಲ್ಲಿಯಾಗ 68,000 ಮಂದಿಗೆ ಊಟ. ನಿಮ್ಮ ಹೆಸರು ಪಟ್ಟಿಯೊಳಗ ಇಲ್ಲ. ಇನ್ನೊಮ್ಮೆ ನೋಡ್ರಿ. ಇಲ್ಲ."

"ನಡೀಲಿಕ್ಕೆ ಆಗವಲ್ದು ಅಂದ್ರ ನೀವು ಹಸದಿಲ್ಲ. ಹಸದಿದ್ರ ನಡೀರಿ."

ಎಲ್ಲ ನಮ್ಮ ಭಾಷೆಯಲ್ಲೇ ಬರೆದೆ. ಕೇಳಿದ್ದು ಅದನ್ನೇ ತಾನೇ. ಶನಿವಾರ ಆಡಿದೆವು. ದಿಲ್ಲಿಯ ಕಾರ್ಡಿಗೆ ನಗು ಬಂತು, ಆಮೇಲೆ ನಿಂತಿತು. ನಾಲ್ಕನೇ ಸುತ್ತಿನಲ್ಲಿ ಎಲ್ಲರ ಧಾನ್ಯವೂ ಖಾಲಿಯಾಗುತ್ತ ಬಂತು. ತುಮಕೂರಿನ ಹುಡುಗಿಯೊಬ್ಬಳು, ಟೆಸ್ಟಿಂಗ್ ಟೀಮಿನವಳು, ತನ್ನ ಕಾಯಿ ಬೋರ್ಡಿನ ನಡುವೆ ಇಟ್ಟು, "ನಾನು ಈ ಸಲ ಕೆಲ್ಸಕ್ಕೆ ಹೋಗಲ್ಲ" ಅಂದಳು. ಆಮೇಲೆ ಪಕ್ಕದವನೂ ಇಟ್ಟ. ನಾಲ್ಕೂ ಜನ ಇಟ್ಟರು. ಗೆಳೆಯ ರೂಲ್‌ಬುಕ್ ತಿರುವಿ ಹಾಕಿ, "ಹಾಗೆ ಮಾಡೋಕೆ ರೂಲ್ ಇಲ್ವಲ್ರೋ" ಅಂದ. ಅವಳು "ಹಾಗಾದ್ರೆ ಬರಿ" ಅಂದಳು.

ಅವನು ಇನ್ನೂ ಬರೆಯುತ್ತಿದ್ದಾನೆ. ಮುಷ್ಕರಕ್ಕೆ ಎಷ್ಟು ಜನ ಬೇಕು, ಎಷ್ಟು ಸುತ್ತು ಹಸಿದಿರಬೇಕು, ಸಾಹೇಬ ಬಗ್ಗುವುದು ಯಾವಾಗ, ಬಗ್ಗದೇ ಇದ್ದರೆ ಏನು. ನಿನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬಿಟ್ಟಿ ಅಕ್ಕಿಯ ಕಾರ್ಡು ತೆಗೆದೆ ಅಂದ. ಎಮ್ಮೆದೂ ತೆಗೀಲಾ ಅಂತ ಕೇಳಿದ.

ಬ್ಯಾಡೋ ಮಾರಾಯ, ಎಮ್ಮಿ ಇರ್ಲಿ ಅಂದೆ. ಅದು ಚೊಲೋ ಐತಿ.